ಮೂರು ಕಿಲೋಕ್ಯಾಲೊರಿಯೊಳಗಿನ ತೀರ್ಮಾನ: ಕ್ರಿಯಾವರ್ಧಕವು ಒಂದನ್ನೇ ಆರಿಸುವ ಬಗೆ

ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್ ಅನಿಲಗಳನ್ನು ಬೆರೆಸಿ ಕಾದ ನಿಕಲ್ ಪುಡಿಯ ಮೇಲೆ ಹಾಯಿಸಿದರೆ ಮೀಥೇನ್ ದೊರೆಯುತ್ತದೆ. ಅದೇ ಮಿಶ್ರಣವನ್ನು ತಾಮ್ರ ಮತ್ತು ಸತುವಿನ ಆಕ್ಸೈಡ್ ಬೆರೆತ ಪದಾರ್ಥದ ಮೇಲೆ ಹೆಚ್ಚಿನ ಒತ್ತಡದಲ್ಲಿ ಹಾಯಿಸಿದರೆ ಮೆಥನಾಲ್ ಬರುತ್ತದೆ. ಕಬ್ಬಿಣ ಅಥವಾ ಕೋಬಾಲ್ಟ್ ಬಳಸಿದರೆ ಉದ್ದ ಸರಪಳಿಯ ಹೈಡ್ರೋಕಾರ್ಬನ್‌ಗಳು, ಅಂದರೆ ಡೀಸೆಲ್ ಮತ್ತು ಮೇಣದ ಜಾತಿಯ ವಸ್ತುಗಳು ಸಿಗುತ್ತವೆ. ಒಳಗೆ ಹೋದದ್ದು ಒಂದೇ, ಹೊರಗೆ ಬಂದದ್ದು ಮೂರು ಬಗೆ. ಇಲ್ಲಿ ನಿಕಲ್, ತಾಮ್ರ, ಕೋಬಾಲ್ಟ್‌ನಂಥವು ಕ್ರಿಯಾವರ್ಧಕಗಳು. ನಿಕಲ್ ಇಂಗಾಲ ಮತ್ತು ಆಮ್ಲಜನಕದ ನಡುವಿನ ಬಂಧವನ್ನು ಮುರಿದು, ಉಳಿದ ಇಂಗಾಲಕ್ಕೆ ಬೇಗಬೇಗನೆ ಹೈಡ್ರೋಜನ್ ಸೇರಿಸಿ ಕಳುಹಿಸಿಬಿಡುತ್ತದೆ. ತಾಮ್ರಕ್ಕೆ ಆ ಬಂಧವನ್ನು ಮುರಿಯುವಷ್ಟು ಹಿಡಿತವಿಲ್ಲವಾದ್ದರಿಂದ ಆಮ್ಲಜನಕ ಅಣುವಿನಲ್ಲೇ ಉಳಿದು ಮೆಥನಾಲ್ ಆಗುತ್ತದೆ. ಕೋಬಾಲ್ಟ್ ಬಂಧವನ್ನು ಮುರಿದರೂ ತುಂಡುಗಳನ್ನು ಮೇಲ್ಮೈಯ ಮೇಲೆ ಸಾಕಷ್ಟು ಹೊತ್ತು ಇರಿಸಿಕೊಳ್ಳುವುದರಿಂದ ಅವು ಒಂದಕ್ಕೊಂದು ಕೂಡಿಕೊಂಡು ಬೆಳೆಯುತ್ತವೆ.

ಕ್ರಿಯಾವರ್ಧಕವೆಂದರೆ ರಾಸಾಯನಿಕ ಕ್ರಿಯೆಯ ವೇಗವನ್ನು ಹೆಚ್ಚಿಸಿ ತಾನು ಖರ್ಚಾಗದೆ ಉಳಿಯುವ ವಸ್ತು ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆ ವ್ಯಾಖ್ಯೆಯಲ್ಲಿ ತಪ್ಪೇನೂ ಇಲ್ಲ. ಬರ್ಜೀಲಿಯಸ್ 1835ರಲ್ಲಿ ಈ ವಿದ್ಯಮಾನಕ್ಕೆ ಹೆಸರಿಟ್ಟ ಮೇಲೆ, ಕ್ರಿಯಾವರ್ಧಕವು ವೇಗವನ್ನು ಮಾತ್ರ ಬದಲಿಸುತ್ತದೆ, ಕ್ರಿಯೆಯ ಅಂತಿಮ ಸಮತೋಲನವನ್ನು ಬದಲಿಸುವುದಿಲ್ಲ ಎಂಬ ಅಂಶವನ್ನು ಖಚಿತವಾಗಿ ಹೇಳಿದವರು ಆಸ್ಟ್‌ವಾಲ್ಡ್. ಅವರಿಗೆ 1909ರ ನೊಬೆಲ್ ಪ್ರಶಸ್ತಿ ಬಂದದ್ದು ಈ ಬಗೆಯ ಕೆಲಸಕ್ಕೆ. ಆದರೆ ಆ ವ್ಯಾಖ್ಯೆಯನ್ನು ಓದಿದವರಿಗೆ ಕ್ರಿಯಾವರ್ಧಕವೆಂದರೆ ಅವಸರ ಮಾಡಿಸುವ ವಸ್ತು ಎನಿಸುತ್ತದೆಯೇ ಹೊರತು ಆಯ್ಕೆ ಮಾಡುವ ವಸ್ತು ಎನಿಸುವುದಿಲ್ಲ. ಒಂದೇ ಆರಂಭದ ವಸ್ತುವಿನಿಂದ ಹಲವು ಉತ್ಪನ್ನಗಳಿಗೆ ದಾರಿಗಳಿದ್ದು, ಒಮ್ಮೆ ಆದ ಉತ್ಪನ್ನ ಹಿಂದಕ್ಕೆ ಮರಳದಿದ್ದರೆ, ಯಾವ ದಾರಿ ಬೇಗ ಸಾಗುತ್ತದೋ ಆ ಉತ್ಪನ್ನವೇ ಪಾತ್ರೆಯಲ್ಲಿ ತುಂಬಿಕೊಳ್ಳುತ್ತದೆ. ಹಾಗಾದಾಗ ವೇಗವೇ ಆಯ್ಕೆಯಾಗುತ್ತದೆ. ಇಂದಿನ ರಸಾಯನಶಾಸ್ತ್ರ ಸಂಶೋಧನೆಯಲ್ಲಿ ಆಯ್ಕೆಶೀಲತೆ ಎಂದು ಕರೆಯುವುದು ಇದನ್ನೇ, ಮತ್ತು ನನ್ನ ಮಟ್ಟಿಗೆ ಕ್ರಿಯಾವರ್ಧನೆಯ ನಿಜವಾದ ಕೌತುಕ ಇರುವುದು ವೇಗದಲ್ಲಲ್ಲ, ಇಲ್ಲಿ.

ಪ್ರತಿಯೊಂದು ಕ್ರಿಯೆಯೂ ಒಂದು ಘಟ್ಟ ಹತ್ತಿ ಇಳಿಯುವ ಪ್ರಯಾಣವಿದ್ದಂತೆ. ಘಟ್ಟದ ನೆತ್ತಿಯಲ್ಲಿ ಹಳೆಯ ಬಂಧಗಳು ಅರ್ಧ ಬಿಟ್ಟಿರುತ್ತವೆ, ಹೊಸ ಬಂಧಗಳು ಅರ್ಧ ಕೂಡಿರುತ್ತವೆ; ಕ್ಷಣಮಾತ್ರವೂ ನಿಲ್ಲದ ಈ ಸ್ಥಿತಿಗೆ ಸಂಕ್ರಮಣ ಸ್ಥಿತಿ ಎಂದು ಹೆಸರು. ಎರಡು ಉತ್ಪನ್ನಗಳಿಗೆ ಎರಡು ಘಟ್ಟಗಳಿದ್ದರೆ ಯಾವುದು ಎಷ್ಟು ಬರುತ್ತದೆ ಎಂಬುದು ಎರಡೂ ನೆತ್ತಿಗಳ ಎತ್ತರದ ವ್ಯತ್ಯಾಸದ ಮೇಲೆ ನಿಂತಿರುತ್ತದೆ. ಈ ಲೆಕ್ಕವನ್ನು ಒಮ್ಮೆ ಅಂಕಿಗಳಲ್ಲಿ ನೋಡುವುದು ಒಳ್ಳೆಯದು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಎರಡೂ ಎತ್ತರಗಳು ಸಮನಾಗಿದ್ದರೆ ಉತ್ಪನ್ನಗಳು ಸಮಪಾಲು. ಒಂದು ನೆತ್ತಿ ಮೋಲ್‌ಗೆ 1.4 ಕಿಲೋಕ್ಯಾಲೊರಿಯಷ್ಟು ತಗ್ಗಿದರೆ ಅನುಪಾತ ಹತ್ತಕ್ಕೆ ಒಂದಾಗುತ್ತದೆ. 2.7 ಕಿಲೋಕ್ಯಾಲೊರಿ ತಗ್ಗಿದರೆ 99ಕ್ಕೆ 1. ವ್ಯತ್ಯಾಸ 4.1ಕ್ಕೆ ಏರಿದರೆ 999ಕ್ಕೆ 1. ಅನುಪಾತ ಗುಣಾಕಾರದಲ್ಲಿ ಬೆಳೆಯುತ್ತದೆ, ಶಕ್ತಿಯ ವ್ಯತ್ಯಾಸ ಕೂಡಿಕೆಯಲ್ಲಿ.

ಈ 2.7 ಎಷ್ಟು ಸಣ್ಣದು ಎಂಬುದು ಹೋಲಿಸಿ ನೋಡಿದಾಗಲೇ ತಿಳಿಯುವುದು. ಎರಡು ಇಂಗಾಲಗಳ ನಡುವಿನ ಒಂಟಿ ಬಂಧವನ್ನು ಮುರಿಯಲು 80 ಕಿಲೋಕ್ಯಾಲೊರಿಗಿಂತ ಹೆಚ್ಚು ಶಕ್ತಿ ಬೇಕು. ಈಥೇನ್ ಅಣುವಿನ ಎರಡು ತುದಿಗಳು ಒಂದರೆದುರು ಒಂದು ತಿರುಗುವಾಗ ಹೈಡ್ರೋಜನ್‌ಗಳು ಪರಸ್ಪರ ಎದುರುಬದುರಾಗಿ ಹಾಯ್ದುಹೋಗುವ ಅಡ್ಡಿ ಸುಮಾರು 3 ಕಿಲೋಕ್ಯಾಲೊರಿ. ಕೋಣೆಯ ಉಷ್ಣತೆಯಲ್ಲಿ ಈಥೇನ್ ಆ ಅಡ್ಡಿಯನ್ನು ಸೆಕೆಂಡಿಗೆ ಕೋಟ್ಯಂತರ ಬಾರಿ ಲೆಕ್ಕಿಸದೆ ದಾಟುತ್ತಿರುತ್ತದೆ. ಅಂದರೆ ಒಂದು ಕ್ರಿಯೆ ಚೊಕ್ಕವಾಗಿ ಒಂದೇ ಉತ್ಪನ್ನವನ್ನು ಕೊಡುವುದಕ್ಕೂ ಎರಡನ್ನೂ ಕಲಸಿ ಕೊಡುವುದಕ್ಕೂ ನಡುವೆ ಇರುವ ಅಂತರ, ಅಣುವೊಂದು ಮೈ ತಿರುಗಿಸುವಾಗ ಗಮನಕ್ಕೂ ಬಾರದಷ್ಟು ಸಣ್ಣ ತೊಡಕಿನಷ್ಟು ಮಾತ್ರ. ಆಯ್ಕೆ ಬೇಕಾದ ಕ್ರಿಯೆಗಳನ್ನು ಪ್ರಯೋಗಾಲಯಗಳಲ್ಲಿ ಒಣಮಂಜಿನಲ್ಲಿ (ಘನರೂಪದ ಇಂಗಾಲದ ಡೈಆಕ್ಸೈಡ್) ತಣಿಸಿ ನಡೆಸುವುದಕ್ಕೂ ಇದೇ ಕಾರಣ. ಮೈನಸ್ 78 ಡಿಗ್ರಿಯಲ್ಲಿ ಉಷ್ಣದ ಕುಲುಕಾಟ ಕಡಿಮೆಯಾಗಿ, ಅದೇ 1.4 ಕಿಲೋಕ್ಯಾಲೊರಿಯ ವ್ಯತ್ಯಾಸ ಹತ್ತಕ್ಕೆ ಒಂದರ ಬದಲು ಮೂವತ್ತಕ್ಕೂ ಹೆಚ್ಚಿಗೆ ಒಂದರ ಅನುಪಾತವನ್ನು ಕೊಡುತ್ತದೆ.

ಇಷ್ಟು ಸಣ್ಣ ವ್ಯತ್ಯಾಸವನ್ನು ಉಂಟುಮಾಡಲು ಗಟ್ಟಿ ಬಂಧಗಳು ಬೇಕಿಲ್ಲ. ಅಣುಗಳು ಒಂದನ್ನೊಂದು ಮುಟ್ಟಿಯೂ ಮುಟ್ಟದಂತೆ ಸೆಳೆದುಕೊಳ್ಳುವ ದುರ್ಬಲ ಬಲಗಳೇ ಸಾಕು. ನೀರಿನ ಎರಡು ಅಣುಗಳ ನಡುವಿನ ಹೈಡ್ರೋಜನ್ ಬಂಧ ಸುಮಾರು 5 ಕಿಲೋಕ್ಯಾಲೊರಿ ತೂಗುತ್ತದೆ. 99ಕ್ಕೆ 1ರ ಆಯ್ಕೆಗೆ ಅದರ ಅರ್ಧಕ್ಕಿಂತ ತುಸು ಹೆಚ್ಚು ಸಾಕು. ಇದಲ್ಲದೆ ವಿರುದ್ಧ ವಿದ್ಯುದಾವೇಶಗಳ ಸೆಳೆತವಿದೆ, ಧನಾವೇಶದ ಭಾಗವೊಂದು ಬೆಂಜೀನ್ ಉಂಗುರದ ಮೇಲಿನ ಎಲೆಕ್ಟ್ರಾನ್ ಮೋಡಕ್ಕೆ ಒರಗಿಕೊಳ್ಳುವ ಸೆಳೆತವಿದೆ, ಚಪ್ಪಟೆ ಉಂಗುರಗಳು ಒಂದರ ಮೇಲೊಂದು ಪೇರಿಕೊಳ್ಳುವ ಒಲವಿದೆ. ಎಲ್ಲಕ್ಕಿಂತ ಕ್ಷೀಣವಾದದ್ದು, ಆದರೆ ಎಲ್ಲೆಡೆಯೂ ಇರುವುದು, 1930ರಲ್ಲಿ ಫ್ರಿಟ್ಜ್ ಲಂಡನ್ ವಿವರಿಸಿದ ಚದುರಿಕೆಯ ಬಲ: ಎಲೆಕ್ಟ್ರಾನ್ ಮೋಡಗಳ ಕ್ಷಣಿಕ ಓಲಾಟಗಳು ಪಕ್ಕದ ಅಣುವಿನಲ್ಲೂ ಅದಕ್ಕೆ ತಕ್ಕ ಓಲಾಟವನ್ನು ಹುಟ್ಟಿಸುವುದರಿಂದ ಉಂಟಾಗುವ ಸೆಳೆತ. ದೂರ ಎರಡು ಪಟ್ಟಾದರೆ ಈ ಬಲದಿಂದ ಬರುವ ಸ್ಥಿರತೆ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಮೈಗೆ ಮೈ ತಾಗುವಷ್ಟು ಹತ್ತಿರವಿದ್ದಾಗ ಮಾತ್ರ ಇದರ ಆಟ.

ಈ ಬಲಗಳು ಆಯ್ಕೆ ಮಾಡುವುದನ್ನು ಹತ್ತಿರದಿಂದ ನೋಡಬೇಕೆಂದರೆ ಜೀರ್ಣಾಂಗದ ಕಿಣ್ವಗಳನ್ನು ನೋಡಬೇಕು. ಟ್ರಿಪ್ಸಿನ್, ಕೈಮೋಟ್ರಿಪ್ಸಿನ್ ಮತ್ತು ಇಲಾಸ್ಟೇಸ್ ಎಂಬ ಮೂರೂ ಪ್ರೋಟೀನ್‌ಗಳನ್ನು ಕತ್ತರಿಸುವ ಕಿಣ್ವಗಳು. ಮೂರರ ಕತ್ತರಿಸುವ ಯಂತ್ರಾಂಗವೂ ಒಂದೇ, ಮಡಿಕೆಯ ಆಕಾರವೂ ಬಹುತೇಕ ಒಂದೇ. ಆದರೂ ಟ್ರಿಪ್ಸಿನ್ ಲೈಸೀನ್ ಅಥವಾ ಆರ್ಜಿನೀನ್ ಎಂಬ ಧನಾವೇಶದ ಅಮೈನೊ ಆಮ್ಲಗಳ ಪಕ್ಕದಲ್ಲಿ ಮಾತ್ರ ಕತ್ತರಿಸುತ್ತದೆ, ಕೈಮೋಟ್ರಿಪ್ಸಿನ್ ದೊಡ್ಡ ಉಂಗುರವಿರುವ ಅಮೈನೊ ಆಮ್ಲಗಳ ಪಕ್ಕದಲ್ಲಿ, ಇಲಾಸ್ಟೇಸ್ ಅಲನೀನ್‌ನಂಥ ಸಣ್ಣವುಗಳ ಪಕ್ಕದಲ್ಲಿ. ಕತ್ತರಿಸುವ ಜಾಗದ ಪಕ್ಕದಲ್ಲೇ ಮೂರಕ್ಕೂ ಒಂದು ಜೇಬಿದೆ. ಟ್ರಿಪ್ಸಿನ್‌ನ ಜೇಬಿನ ತಳದಲ್ಲಿ, 189ನೆಯ ಸ್ಥಾನದಲ್ಲಿ, ಆಸ್ಪಾರ್ಟಿಕ್ ಆಮ್ಲದ ಋಣಾವೇಶ ಕಾದು ಕುಳಿತಿರುತ್ತದೆ. ಲೈಸೀನ್‌ನ ಉದ್ದ ತೋಳು ಜೇಬಿನೊಳಗೆ ಇಳಿದು ತುದಿಯ ಧನಾವೇಶವನ್ನು ಅದಕ್ಕೆ ಒಪ್ಪಿಸುತ್ತದೆ. ಕೈಮೋಟ್ರಿಪ್ಸಿನ್‌ನಲ್ಲಿ ಅದೇ ಸ್ಥಾನದಲ್ಲಿ ಆವೇಶವಿಲ್ಲದ ಸೆರೀನ್ ಇದೆ, ಜೇಬಿನ ಗೋಡೆಗಳು ಎಣ್ಣೆಯ ಸ್ವಭಾವದವು, ಆದ್ದರಿಂದ ಉಂಗುರಗಳು ಅಲ್ಲಿ ಹಾಯಾಗಿ ಕೂರುತ್ತವೆ. ಇಲಾಸ್ಟೇಸ್‌ನಲ್ಲಿ ವ್ಯಾಲೀನ್ ಮತ್ತು ತ್ರಿಯೊನೀನ್ ಜೇಬಿನ ಬಾಯಿಗೆ ಅಡ್ಡ ನಿಂತಿರುವುದರಿಂದ ಸಣ್ಣ ಗುಂಪುಗಳಿಗಷ್ಟೇ ಜಾಗ.

ವಿವರಣೆ ಎಷ್ಟು ಅಂದವಾಗಿದೆಯೆಂದರೆ, ಟ್ರಿಪ್ಸಿನ್‌ನ ಆ ಆಸ್ಪಾರ್ಟಿಕ್ ಆಮ್ಲವನ್ನು ತೆಗೆದು ಸೆರೀನ್ ಇಟ್ಟರೆ ಅದು ಕೈಮೋಟ್ರಿಪ್ಸಿನ್ ಆಗಿಬಿಡಬೇಕು ಎಂದು ಯಾರಿಗಾದರೂ ತೋಚುತ್ತದೆ. ಸಂಶೋಧಕರು ಅದನ್ನೇ ಮಾಡಿ ನೋಡಿದರು. ಆಗಲಿಲ್ಲ. ಬಂದದ್ದು ಯಾವುದನ್ನೂ ಸರಿಯಾಗಿ ಕತ್ತರಿಸದ ಒಂದು ಸೋಮಾರಿ ಕಿಣ್ವ. 1990ರ ದಶಕದ ಆರಂಭದಲ್ಲಿ, ಒಳಬಂದ ಪ್ರೋಟೀನನ್ನು ನೇರವಾಗಿ ಮುಟ್ಟದೆ ಜೇಬಿನ ಹಿಂದೆ ಇರುವ ಎರಡು ಮೇಲ್ಮೈ ಕುಣಿಕೆಗಳನ್ನೂ ಕೈಮೋಟ್ರಿಪ್ಸಿನ್‌ನಿಂದ ತಂದು ಕೂಡಿಸಿದ ಮೇಲಷ್ಟೇ ಟ್ರಿಪ್ಸಿನ್ ಕೈಮೋಟ್ರಿಪ್ಸಿನ್‌ನಂತೆ ವರ್ತಿಸತೊಡಗಿತು. ಜೇಬಿಗೆ ಸರಿಹೊಂದುವುದೊಂದೇ ಸಾಲದು. ಹೊಂದಿದ ಮೇಲೆ ಅಣು ಘಟ್ಟದ ನೆತ್ತಿಗೆ ಏರುವಾಗಲೂ ಆ ಹಿಡಿತ ಸರಿಯಾದ ಭಂಗಿಯಲ್ಲಿ ಉಳಿಯಬೇಕು.

ಎಮಿಲ್ ಫಿಷರ್ 1894ರಲ್ಲಿ ಕೊಟ್ಟ ಬೀಗ ಮತ್ತು ಬೀಗದಕೈಯ ಉಪಮೆ ಇಲ್ಲಿಯೇ ಸೋಲುವುದು. ಆ ಉಪಮೆ ಇಂದಿಗೂ ಪಠ್ಯಪುಸ್ತಕಗಳಲ್ಲಿ ಆಳುತ್ತಿದೆ. ಮೊದಲ ಪಾಠಕ್ಕೆ ಅದು ಒಳ್ಳೆಯದೇ, ಆದರೆ ಅಲ್ಲೇ ನಿಂತುಬಿಟ್ಟರೆ ದಾರಿ ತಪ್ಪಿಸುತ್ತದೆ. ಬೀಗದಕೈ ಬೀಗದಲ್ಲಿ ಬಹಳ ಬಿಗಿಯಾಗಿ ಕುಳಿತರೆ ತಿರುಗುವುದೇ ಇಲ್ಲ. ಕಿಣ್ವವು ಒಳಬರುವ ಅಣುವಿಗೆ ಹೊಂದುವುದಕ್ಕಿಂತ, ಆ ಅಣು ಬದಲಾಗುವ ಹೊತ್ತಿನ ಸಂಕ್ರಮಣ ಸ್ಥಿತಿಗೆ ಹೆಚ್ಚು ಚೆನ್ನಾಗಿ ಹೊಂದಬೇಕು ಎಂಬ ತಿದ್ದುಪಡಿಯನ್ನು ಲೈನಸ್ ಪೌಲಿಂಗ್ 1940ರ ದಶಕದಲ್ಲಿ ಸ್ಪಷ್ಟವಾಗಿ ಮುಂದಿಟ್ಟರು. ಸುಮ್ಮನೆ ಕುಳಿತ ಅಣುವನ್ನು ಅಪ್ಪಿಕೊಳ್ಳುವುದರಿಂದ ಘಟ್ಟ ತಗ್ಗುವುದಿಲ್ಲ. ಹೊರಡುವ ಜಾಗವನ್ನೂ ಅಷ್ಟೇ ತಗ್ಗಿಸಿದಂತಾಗಿ ಏರಬೇಕಾದ ಎತ್ತರ ಹಾಗೆಯೇ ಉಳಿಯುತ್ತದೆ. ನೆತ್ತಿಯನ್ನು ಮಾತ್ರ ತಗ್ಗಿಸಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಡಿಎನ್ಎಯ ಬಿಡಿಭಾಗಗಳನ್ನು ತಯಾರಿಸುವ ದಾರಿಯಲ್ಲಿ ಓರೊಟಿಡೀನ್ ಫಾಸ್ಫೇಟ್‌ನಿಂದ ಇಂಗಾಲದ ಡೈಆಕ್ಸೈಡನ್ನು ಕಳಚುವ ಹಂತವೊಂದಿದೆ. ಕಿಣ್ವವಿಲ್ಲದೆ ನೀರಿನಲ್ಲಿ ಬಿಟ್ಟರೆ ಅರ್ಧದಷ್ಟು ಅಣುಗಳಲ್ಲಿ ಈ ಕ್ರಿಯೆ ನಡೆಯಲು ಸುಮಾರು 7.8 ಕೋಟಿ ವರ್ಷ ಬೇಕೆಂದು 1995ರಲ್ಲಿ ಅಂದಾಜು ಮಾಡಲಾಯಿತು. ಕಿಣ್ವವಿದ್ದರೆ ಅದು ಸೆಕೆಂಡಿನ ಸಣ್ಣ ಭಾಗದಲ್ಲಿ ಮುಗಿಯುತ್ತದೆ.

ಹಿಡಿತ ಬೇರೆ, ಆಯ್ಕೆ ಬೇರೆ ಎಂಬುದಕ್ಕೆ ನನಗೆ ತಿಳಿದಿರುವ ಅತ್ಯಂತ ತೀಕ್ಷ್ಣ ಸಾಕ್ಷ್ಯ ಕಿಣ್ವಗಳಿಂದ ಬಂದದ್ದಲ್ಲ, ರೋಡಿಯಂ ಲೋಹದಿಂದ ಬಂದದ್ದು. ಅದಕ್ಕೆ ಮೊದಲು ಎಡಗೈ ಮತ್ತು ಬಲಗೈ ಅಣುಗಳ ಮಾತು ಆಗಬೇಕು.

ಇಂಗಾಲದ ಪರಮಾಣುವಿಗೆ ನಾಲ್ಕು ಬೇರೆ ಬೇರೆ ಗುಂಪುಗಳು ಅಂಟಿಕೊಂಡರೆ ಆ ಅಣು ಎರಡು ರೂಪಗಳಲ್ಲಿ ಇರಬಲ್ಲದು. ಒಂದು ಇನ್ನೊಂದರ ಕನ್ನಡಿಬಿಂಬ, ಎರಡು ಅಂಗೈಗಳಂತೆ ಒಂದರ ಮೇಲೊಂದು ಇಟ್ಟರೆ ಹೊಂದುವುದಿಲ್ಲ. ಲೂಯಿ ಪಾಸ್ಚರ್ 1848ರಲ್ಲಿ ಟಾರ್ಟಾರಿಕ್ ಆಮ್ಲದ ಲವಣದ ಹರಳುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಎಡಮುಖದವನ್ನೂ ಬಲಮುಖದವನ್ನೂ ಕೈಯಿಂದ ಆರಿಸಿ ಬೇರ್ಪಡಿಸಿದ್ದರು. ಕರಗುವ ಬಿಂದು, ಕುದಿಯುವ ಬಿಂದು, ಸಾಂದ್ರತೆ ಎಲ್ಲವೂ ಎರಡಕ್ಕೂ ಒಂದೇ. ಆದರೆ ದೇಹದ ಪ್ರೋಟೀನ್‌ಗಳೂ ಒಂದೇ ಕೈಯವಾದ್ದರಿಂದ ಔಷಧದ ಎರಡು ರೂಪಗಳು ದೇಹದಲ್ಲಿ ಎರಡು ಬೇರೆ ವಸ್ತುಗಳಂತೆ ವರ್ತಿಸಬಹುದು. ಈ ಮಾತು ಬಂದಾಗಲೆಲ್ಲ ಥಾಲಿಡೊಮೈಡ್ ದುರಂತವನ್ನು ಉದಾಹರಿಸಿ, ಒಂದು ರೂಪವನ್ನಷ್ಟೇ ಮಾರಿದ್ದರೆ ಸಾವಿರಾರು ಶಿಶುಗಳು ಅಂಗವಿಕಲರಾಗಿ ಹುಟ್ಟುತ್ತಿರಲಿಲ್ಲ ಎಂದು ಬರೆಯುವ ರೂಢಿಯಿದೆ. ಅದು ಪೂರ್ತಿ ನಿಜವಲ್ಲ, ಏಕೆಂದರೆ ಥಾಲಿಡೊಮೈಡ್‌ನ ಎರಡು ರೂಪಗಳು ದೇಹದೊಳಗೆ ಒಂದು ಇನ್ನೊಂದಾಗಿ ಬದಲಾಗುತ್ತಲೇ ಇರುತ್ತವೆ. ಒಂದನ್ನೇ ನುಂಗಿದರೂ ಎರಡೂ ಉಂಟಾಗುತ್ತವೆ. ಒಂದೇ ಕೈಯ ಅಣು ಬೇಕೆನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಎಲ್-ಡೋಪಾ. ಅದರಲ್ಲಿ ಚಿಕಿತ್ಸೆಗೆ ಬೇಕಾದದ್ದು ಎಡಗೈ ರೂಪ ಮಾತ್ರ.

ಮಾನ್ಸಾಂಟೊ ಕಂಪನಿಯಲ್ಲಿದ್ದ ವಿಲಿಯಂ ನೋಲ್ಸ್ ಅವರು ರೋಡಿಯಂ ಪರಮಾಣುವಿಗೆ ಒಂದೇ ಕೈಯ ರಂಜಕದ ಸಂಯುಕ್ತವನ್ನು ಜೋಡಿಸಿ, ಎಲ್-ಡೋಪಾದ ಪೂರ್ವರೂಪದ ಜೋಡಿಬಂಧಕ್ಕೆ ಹೈಡ್ರೋಜನ್ ಒಂದೇ ಮುಖದಿಂದ ಸೇರುವಂತೆ 1970ರ ದಶಕದಲ್ಲಿ ಮಾಡಿದರು. ಬೇಕಾದ ರೂಪ ನೂರರಲ್ಲಿ 97ಕ್ಕಿಂತ ಹೆಚ್ಚು ಬರುತ್ತಿತ್ತು. ಒಂದೇ ಕೈಯ ಅಣುಗಳನ್ನು ಕೊಡುವ ಈ ಬಗೆಯ ಕ್ರಿಯಾವರ್ಧನೆಯ ಕೆಲಸಕ್ಕೆ 2001ರಲ್ಲಿ ಅವರಿಗೂ ರ್‍ಯೋಜಿ ನೊಯೊರಿ ಮತ್ತು ಬ್ಯಾರಿ ಶಾರ್ಪ್‌ಲೆಸ್ ಅವರಿಗೂ ನೊಬೆಲ್ ಬಂತು. ಜೋಡಿಬಂಧದ ಅಣು ರೋಡಿಯಂ ಮೇಲೆ ಎರಡು ಮುಖಗಳಲ್ಲಿ ಯಾವುದನ್ನಾದರೂ ಒತ್ತಿ ಕೂರಬಹುದು. ಸಹಜವಾಗಿ, ಯಾವ ಮುಖ ಒತ್ತಿ ಕುಳಿತಾಗ ಹೆಚ್ಚು ಸ್ಥಿರವೋ ಆ ಮುಖಕ್ಕೇ ಹೈಡ್ರೋಜನ್ ಸೇರುತ್ತದೆ ಎಂದು ಊಹಿಸಲಾಗಿತ್ತು. ಜ್ಯಾಕ್ ಹಾಲ್ಪರ್ನ್ ಮತ್ತು ಸಹೋದ್ಯೋಗಿಗಳು 1980ರ ದಶಕದಲ್ಲಿ ಇಂಥದೇ ರೋಡಿಯಂ ವ್ಯವಸ್ಥೆಗಳಲ್ಲಿ ಆ ಸಂಯುಕ್ತವನ್ನು ಹಿಡಿದು ಅದರ ರಚನೆ ನೋಡಿದಾಗ, ದ್ರಾವಣದಲ್ಲಿ ಹೆಚ್ಚಾಗಿ ಇದ್ದ ರೂಪದ ಮುಖ ತಪ್ಪು ಉತ್ಪನ್ನದ್ದಾಗಿತ್ತು. ಬಿಗಿಯಾಗಿ ಕುಳಿತದ್ದು ಹೈಡ್ರೋಜನ್‌ನೊಂದಿಗೆ ನಿಧಾನವಾಗಿ ವರ್ತಿಸುತ್ತಿತ್ತು. ಸ್ವಲ್ಪವೇ ಇದ್ದ, ಸಡಿಲವಾಗಿ ಕುಳಿತ ರೂಪ ಅದಕ್ಕಿಂತ ಅನೇಕ ಪಟ್ಟು ವೇಗವಾಗಿ ವರ್ತಿಸಿ, ಖಾಲಿಯಾದಂತೆಲ್ಲ ಮೊದಲನೆಯದರಿಂದ ಮತ್ತೆ ಭರ್ತಿಯಾಗುತ್ತಿತ್ತು. ಹೈಡ್ರೋಜನ್ ಒತ್ತಡವನ್ನು ಏರಿಸಿದರೆ ಆಯ್ಕೆಶೀಲತೆ ಕುಸಿಯುತ್ತದೆ ಎಂಬ ವಿಚಿತ್ರ ಫಲಿತಾಂಶವೂ ಇದರಿಂದ ಅರ್ಥವಾಯಿತು: ಒತ್ತಡ ಹೆಚ್ಚಾದಾಗ ಹೈಡ್ರೋಜನ್ ಎಷ್ಟು ಬೇಗ ಸೇರುತ್ತದೆಂದರೆ, ಒಂದು ರೂಪ ಇನ್ನೊಂದಾಗಿ ಬದಲಾಗಲು ಸಮಯವೇ ಸಿಗುವುದಿಲ್ಲ. ಕಣ್ಣಿಗೆ ಕಾಣುವ, ಹರಳಾಗಿ ಸಿಗುವ ಸಂಯುಕ್ತವೇ ಕೆಲಸ ಮಾಡುವ ಸಂಯುಕ್ತ ಎಂದು ನಂಬಿಕೊಂಡವರನ್ನು ಈ ಒಂದು ಅಧ್ಯಯನ ಶಾಶ್ವತವಾಗಿ ಎಚ್ಚರಿಸಿತು.

ಲೋಹವಿಲ್ಲದೆಯೂ ಇದು ಸಾಧ್ಯ ಎಂಬುದು ವ್ಯಾಪಕವಾಗಿ ಅರಿವಿಗೆ ಬಂದದ್ದು 2000ದಲ್ಲಿ. ಬೆಂಜಮಿನ್ ಲಿಸ್ಟ್ ಮತ್ತು ಸಹೋದ್ಯೋಗಿಗಳು ಪ್ರೋಲೀನ್ ಎಂಬ ಸಾಮಾನ್ಯ ಅಮೈನೊ ಆಮ್ಲವನ್ನು ಬಳಸಿ ಅಸಿಟೋನ್ ಮತ್ತು ಆಲ್ಡಿಹೈಡ್‌ಗಳನ್ನು ಒಂದೇ ಕೈಯ ಉತ್ಪನ್ನವಾಗಿ ಕೂಡಿಸಿದರು. ಅದೇ ವರ್ಷ ಡೇವಿಡ್ ಮ್ಯಾಕ್‌ಮಿಲನ್ ಬೇರೊಂದು ಸಣ್ಣ ಸಾವಯವ ಅಣುವಿನಿಂದ ಬೇರೊಂದು ಕ್ರಿಯೆಯಲ್ಲಿ ಅದನ್ನೇ ಸಾಧಿಸಿದರು. ಇಬ್ಬರಿಗೂ 2021ರ ನೊಬೆಲ್ ಬಂತು. ಪ್ರೋಲೀನ್ ಕೆಲಸ ಮಾಡುವ ಬಗೆ ಒಂದು ಪುಟ್ಟ ನಾಟಕದಂತಿದೆ. ಅದರ ನೈಟ್ರೋಜನ್ ಮೊದಲು ಅಸಿಟೋನ್‌ಗೆ ಅಂಟಿ, ನೀರಿನ ಅಣುವೊಂದನ್ನು ಹೊರಹಾಕಿ, ಅಸಿಟೋನನ್ನು ಎಲೆಕ್ಟ್ರಾನ್ ಸಮೃದ್ಧ ರೂಪಕ್ಕೆ ತಿರುಗಿಸುತ್ತದೆ. ಅದೇ ಪ್ರೋಲೀನ್‌ನ ಇನ್ನೊಂದು ಬದಿಯಲ್ಲಿ ಕಾರ್ಬಾಕ್ಸಿಲಿಕ್ ಆಮ್ಲದ ಗುಂಪಿದೆ. ಅದರ ಹೈಡ್ರೋಜನ್ ಹತ್ತಿರ ಬಂದ ಆಲ್ಡಿಹೈಡ್‌ನ ಆಮ್ಲಜನಕವನ್ನು ಹೈಡ್ರೋಜನ್ ಬಂಧದಿಂದ ತನ್ನ ಕಡೆಗೆ ಎಳೆದು ಹಿಡಿಯುತ್ತದೆ. ಹೀಗೆ ಹಿಡಿದ ಮೇಲೆ ಆಲ್ಡಿಹೈಡ್‌ಗೆ ಎರಡು ಭಂಗಿಗಳು ಉಳಿಯುತ್ತವೆ. ಒಂದರಲ್ಲಿ ಅದರ ದೊಡ್ಡ ಗುಂಪು ಹೊರಗಿನ ಖಾಲಿ ಜಾಗಕ್ಕೆ ಚಾಚುತ್ತದೆ, ಇನ್ನೊಂದರಲ್ಲಿ ಒಳಗಿನ ಗುಂಪುಗಳಿಗೆ ತಾಗಿ ಇರುಕಿಕೊಳ್ಳುತ್ತದೆ. ಆ ಇರುಕಿನ ಕಿಲೋಕ್ಯಾಲೊರಿಗಳೇ ಉತ್ಪನ್ನದ ಕೈಯನ್ನು ತೀರ್ಮಾನಿಸುತ್ತವೆ. ಪ್ರೋಲೀನ್‌ನ ಈ ಸಾಮರ್ಥ್ಯ 1970ರ ದಶಕದ ಆರಂಭದಲ್ಲೇ ಔಷಧ ಕಂಪನಿಗಳ ಪ್ರಯೋಗಾಲಯಗಳಲ್ಲಿ ಒಂದು ನಿರ್ದಿಷ್ಟ ಕ್ರಿಯೆಯಲ್ಲಿ ಕಂಡುಬಂದಿತ್ತು ಎಂಬುದನ್ನು ಹೇಳದಿರಲಾಗದು. ಅದನ್ನು ಸಾಮಾನ್ಯ ತತ್ತ್ವವಾಗಿ ನೋಡಲು ಸುಮಾರು ಮೂವತ್ತು ವರ್ಷ ಹಿಡಿಯಿತು.

ಪ್ರೋಲೀನ್ ಒಳಬಂದ ಅಣುವಿಗೆ ಗಟ್ಟಿ ಬಂಧದಿಂದಲೇ ಅಂಟಿಕೊಳ್ಳುತ್ತದೆ. ಥಯೋಯೂರಿಯಾ ಕುಟುಂಬದ ಕ್ರಿಯಾವರ್ಧಕಗಳು ಅಷ್ಟೂ ಮಾಡುವುದಿಲ್ಲ. ಅವುಗಳ ಎರಡು ನೈಟ್ರೋಜನ್‌ಗಳ ಮೇಲಿನ ಹೈಡ್ರೋಜನ್‌ಗಳು ಇಕ್ಕುಳದ ಎರಡು ತುದಿಗಳಂತೆ ಚಾಚಿ ಋಣಾವೇಶದ ಭಾಗವನ್ನು ಹಿಡಿಯುತ್ತವೆ, ಅಷ್ಟೇ. ಹಾರ್ವರ್ಡ್‌ನ ಎರಿಕ್ ಜೇಕಬ್ಸನ್ ಅವರ ತಂಡ 1998ರಿಂದ ಈ ಕುಟುಂಬವನ್ನು ಬೆಳೆಸಿದೆ. 2010ರಲ್ಲಿ ಅವರು ಪ್ರಕಟಿಸಿದ ಒಂದು ಕೆಲಸದಲ್ಲಿ ಥಯೋಯೂರಿಯಾ ಕ್ಲೋರೈಡ್ ಅಯಾನನ್ನು ಹಿಡಿದು ಪಕ್ಕಕ್ಕೆ ಇರಿಸಿಕೊಳ್ಳುತ್ತದೆ, ಉಳಿದ ಧನಾವೇಶದ ಅಣು ತನ್ನ ಮೈಯನ್ನೇ ಮಡಚಿ ಹಲವು ಉಂಗುರಗಳಾಗುತ್ತದೆ. ಕ್ರಿಯಾವರ್ಧಕದ ಒಂದು ಬದಿಯಲ್ಲಿ ಚಪ್ಪಟೆ ಉಂಗುರದ ಗುಂಪೊಂದಿತ್ತು. ಅದನ್ನು ಬೆಂಜೀನ್ ಉಂಗುರದಿಂದ ಜೋಡಿ ಉಂಗುರಕ್ಕೆ, ಮೂರು ಉಂಗುರಗಳಿಗೆ, ಕೊನೆಗೆ ನಾಲ್ಕು ಉಂಗುರಗಳ ಪೈರೀನ್‌ಗೆ ಹಿಗ್ಗಿಸುತ್ತ ಹೋದಂತೆ ಆಯ್ಕೆಶೀಲತೆ ಏರುತ್ತ ಹೋಯಿತು. ದೊಡ್ಡ ಗುಂಪು ತಪ್ಪು ದಾರಿಗೆ ಅಡ್ಡ ನಿಂತಿತು ಎಂದು ಹಳೆಯ ಅಭ್ಯಾಸದಲ್ಲಿ ಹೇಳಿಬಿಡಬಹುದಿತ್ತು. ಆದರೆ ಏರಿಕೆ ಆ ಗುಂಪಿನ ಎಲೆಕ್ಟ್ರಾನ್ ಮೋಡ ಎಷ್ಟು ಸುಲಭವಾಗಿ ಓಲಾಡಬಲ್ಲದು ಎಂಬ ಗುಣದೊಂದಿಗೆ ಹೆಜ್ಜೆ ಹಾಕುತ್ತಿತ್ತು. ಅಂದರೆ ಪೈರೀನ್ ಗೋಡೆಯಾಗಿ ತಪ್ಪು ದಾರಿಯನ್ನು ತಡೆಯುತ್ತಿರಲಿಲ್ಲ. ಸರಿ ದಾರಿಯ ಸಂಕ್ರಮಣ ಸ್ಥಿತಿಯ ಧನಾವೇಶಕ್ಕೆ ಮೆತ್ತೆಯಾಗಿ ಆಸರೆ ಕೊಡುತ್ತಿತ್ತು.

ಇದೇ ಯೋಚನೆ ಈಗ ಕೈಯ ಆಯ್ಕೆಯಿಂದ ಸ್ಥಾನದ ಆಯ್ಕೆಗೆ ಹರಡಿದೆ. ಬೆಂಜೀನ್ ಉಂಗುರದಲ್ಲಿ ಈಗಾಗಲೇ ಒಂದು ಗುಂಪಿದ್ದರೆ ಅದರ ಪಕ್ಕದ ಆರ್ಥೋ, ಅದರಾಚೆಯ ಮೆಟಾ, ನೇರ ಎದುರಿನ ಪ್ಯಾರಾ ಎಂಬ ಸ್ಥಾನಗಳಿರುತ್ತವೆ, ಮತ್ತು ಎಲ್ಲ ಸ್ಥಾನಗಳ ಹೈಡ್ರೋಜನ್‌ಗಳೂ ಮೇಲ್ನೋಟಕ್ಕೆ ಒಂದೇ ಥರ. ರೊನಾಲ್ಡ್ ಬ್ರೆಸ್ಲೊ 1969ರಲ್ಲಿ ಅನಿಸೋಲ್ ಅಣುವನ್ನು ಸೈಕ್ಲೋಡೆಕ್ಸ್‌ಟ್ರಿನ್ ಎಂಬ ಸಕ್ಕರೆಯ ಬಳೆಯೊಳಗೆ ತೂರಿಸಿ ಕ್ಲೋರಿನ್ ಸೇರಿಸಿದಾಗ, ಆರ್ಥೋ ಸ್ಥಾನಗಳು ಬಳೆಯೊಳಗೆ ಮರೆಯಾಗಿ ಹೆಚ್ಚುಕಡಿಮೆ ಎಲ್ಲ ಕ್ಲೋರಿನ್ ಪ್ಯಾರಾ ಸ್ಥಾನಕ್ಕೇ ಹೋಯಿತು. ಮೆಟಾ ಸ್ಥಾನ ಇದಕ್ಕಿಂತ ಮೊಂಡು. ಗುಂಪಿನ ಪಕ್ಕದಲ್ಲೂ ಇಲ್ಲ, ನೇರ ಎದುರಿಗೂ ಇಲ್ಲ. 2015ರಲ್ಲಿ ಜಪಾನಿನ ಕುನಿನೊಬು ಮತ್ತು ಕನಾಯ್ ಅವರ ತಂಡ ಇರಿಡಿಯಂ ಲೋಹವನ್ನು ಹಿಡಿದಿರುವ ಸಂಯುಕ್ತಕ್ಕೆ ಯೂರಿಯಾದ ಒಂದು ತೋಳನ್ನು ಕಟ್ಟಿತು. ತೋಳು ಅಣುವಿನಲ್ಲಿ ಮೊದಲೇ ಇದ್ದ ಗುಂಪಿನ ಆಮ್ಲಜನಕವನ್ನು ಹೈಡ್ರೋಜನ್ ಬಂಧದಿಂದ ಹಿಡಿಯುತ್ತದೆ. ಹಾಗೆ ಹಿಡಿದಾಗ ತೋಳಿನ ಉದ್ದಕ್ಕೆ ಸರಿಯಾಗಿ ಇರಿಡಿಯಂ ಮೆಟಾ ಸ್ಥಾನದ ಮೇಲೆಯೇ ಬಂದು ನಿಲ್ಲುತ್ತದೆ. ಕೆಲಸ ಮುಗಿದ ಕೂಡಲೇ ಹಿಡಿತ ಕಳಚುವಷ್ಟು ದುರ್ಬಲವಾಗಿರುವುದೇ ಇದರ ಅನುಕೂಲ.

ಆ ಕಳಚುವಿಕೆ ಎಲ್ಲೆಡೆ ಸಲೀಸಲ್ಲ. ಜಿಯೊಲೈಟ್ ಎಂಬ ರಂಧ್ರಮಯ ಖನಿಜಗಳಲ್ಲಿ ಅದು ಆಕಾರದ ಮೇಲೆ ನಿಲ್ಲುತ್ತದೆ. ಜಡ್‌ಎಸ್‌ಎಂ-5 ಎಂಬ ಜಿಯೊಲೈಟ್‌ನ ಕಾಲುವೆಗಳ ಅಗಲ ಸುಮಾರು 5.5 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಪಾಲು), ಬೆಂಜೀನ್ ಉಂಗುರಕ್ಕೆ ಎರಡು ಮೀಥೈಲ್ ಗುಂಪುಗಳು ಎದುರುಬದುರಾಗಿ ಅಂಟಿದ ನೀಳವಾದ ಪ್ಯಾರಾ-ಜೈಲೀನ್ ಅದರೊಳಗಿಂದ ಸರಾಗವಾಗಿ ಹೊರಬರುತ್ತದೆ, ಅಗಲ ಮೈಯ ಆರ್ಥೋ ಮತ್ತು ಮೆಟಾ ರೂಪಗಳು ಒಳಗೇ ತಡವರಿಸುತ್ತ ಮತ್ತೆ ಪ್ಯಾರಾ ರೂಪಕ್ಕೆ ಬದಲಾಗುತ್ತವೆ. ಪಾಲಿಯೆಸ್ಟರ್ ಬಟ್ಟೆಗೂ ಪ್ಲಾಸ್ಟಿಕ್ ಬಾಟಲಿಗೂ ಬೇಕಾದ ಮೂಲವಸ್ತು ಪ್ಯಾರಾ-ಜೈಲೀನ್ ಆದ್ದರಿಂದ ಈ ಸಂಗತಿಗೆ ಉದ್ಯಮದಲ್ಲಿ ದೊಡ್ಡ ಬೆಲೆ. ದ್ರಾವಣದಲ್ಲಿ ಕೃತಕವಾಗಿ ಕಟ್ಟಿದ ಅಣು-ಪಂಜರಗಳಲ್ಲಿ ತೊಂದರೆ ಬೇರೆ ಥರ. ಬರ್ಕ್ಲಿಯ ರೇಮಂಡ್, ಬರ್ಗ್‌ಮನ್ ಮತ್ತು ಟೋಸ್ಟ್ ಅವರ ತಂಡ ಗ್ಯಾಲಿಯಂ ಪರಮಾಣುಗಳನ್ನು ಮೂಲೆಗಳಲ್ಲಿಟ್ಟು ಕಟ್ಟಿದ ಪಂಜರದೊಳಗೆ ಒಂದು ಉಂಗುರ ಕಟ್ಟುವ ಕ್ರಿಯೆಯನ್ನು ಹತ್ತು ಲಕ್ಷ ಪಟ್ಟಿಗೂ ಹೆಚ್ಚು ವೇಗಗೊಳಿಸಿತು. ಆದರೆ ಆದ ಉತ್ಪನ್ನ ಪಂಜರ ಬಿಟ್ಟು ಹೊರಡಲು ಒಪ್ಪಲಿಲ್ಲ, ಏಕೆಂದರೆ ಆರಂಭದ ಅಣುವಿಗಿಂತಲೂ ಅದೇ ಒಳಗೆ ಚೆನ್ನಾಗಿ ಕೂರುತ್ತಿತ್ತು. ಕೊನೆಗೆ ಹೊರಬಂದ ಉತ್ಪನ್ನದ ಜೊತೆ ಕೂಡಲೇ ವರ್ತಿಸಿ ಅದು ಮತ್ತೆ ಒಳಹೋಗದಂತೆ ಮಾಡುವ ಇನ್ನೊಂದು ಅಣುವನ್ನು ಪಾತ್ರೆಗೆ ಸೇರಿಸಬೇಕಾಯಿತು. ಬೀಗ ಮತ್ತು ಬೀಗದಕೈಯ ಉಪಮೆಯನ್ನು ಅಕ್ಷರಶಃ ಕಟ್ಟಿದರೆ ಏನಾಗುತ್ತದೆ ಎಂಬುದು ಇದು.

ಇವನ್ನೆಲ್ಲ ಮೊದಲೇ ಲೆಕ್ಕ ಹಾಕಿ ಹೇಳಲಾಗದೇ ಎಂದರೆ, ಕಂಪ್ಯೂಟರ್‌ನಲ್ಲಿ ಸಂಕ್ರಮಣ ಸ್ಥಿತಿಯ ಶಕ್ತಿಯನ್ನು ಲೆಕ್ಕ ಹಾಕುವುದು ಇಂದು ದಿನನಿತ್ಯದ ಕೆಲಸವೇ ಆಗಿದೆ. ಆದರೆ ತಪ್ಪು 1 ಕಿಲೋಕ್ಯಾಲೊರಿಯೊಳಗೆ ಇದ್ದರೆ ಅದನ್ನು ಒಳ್ಳೆಯ ಲೆಕ್ಕವೆನ್ನುವ ಶಾಸ್ತ್ರದಲ್ಲಿ, 1.4 ಕಿಲೋಕ್ಯಾಲೊರಿ ಹತ್ತು ಪಟ್ಟಿನ ವ್ಯತ್ಯಾಸವಾಗುತ್ತದೆ ಎಂಬುದನ್ನು ನೆನಪಿಟ್ಟರೆ ಕಷ್ಟ ಅರ್ಥವಾಗುತ್ತದೆ. ಎರಡು ಸಂಕ್ರಮಣ ಸ್ಥಿತಿಗಳೂ ಹೆಚ್ಚುಕಡಿಮೆ ಒಂದೇ ಥರ ಇರುವುದರಿಂದ ಎರಡರಲ್ಲೂ ಒಂದೇ ತಪ್ಪು ಆಗಿ, ಕಳೆದಾಗ ಹೊಡೆದುಹೋಗುತ್ತದೆ ಎಂಬುದೊಂದೇ ಸಮಾಧಾನ. ಬಹಳ ಕಾಲ ಬಳಕೆಯಲ್ಲಿದ್ದ ಲೆಕ್ಕದ ವಿಧಾನಗಳಲ್ಲಿ ಚದುರಿಕೆಯ ಸೆಳೆತ ಬಹುತೇಕ ಬಿಟ್ಟೇಹೋಗಿತ್ತು. ಸ್ಟೆಫಾನ್ ಗ್ರಿಮ್ಮೆ 2006 ಮತ್ತು 2010ರಲ್ಲಿ ಕೊಟ್ಟ ತಿದ್ದುಪಡಿಗಳ ನಂತರವೇ ಅದು ಸಾಮಾನ್ಯ ಲೆಕ್ಕಗಳಲ್ಲಿ ಸೇರಿಕೊಂಡಿತು. ಎಷ್ಟೋ ವರ್ಷಗಳ ಕಾಲ ರಸಾಯನಶಾಸ್ತ್ರಜ್ಞರು ದೊಡ್ಡ ಗುಂಪುಗಳನ್ನು ಅಡ್ಡಿಗಳಾಗಿ ಮಾತ್ರ ಕಂಡದ್ದಕ್ಕೆ ಇದೂ ಒಂದು ಕಾರಣ ಎಂದು ನನಗನ್ನಿಸುತ್ತದೆ.

ಅಂಥ ದೊಡ್ಡ ಗುಂಪುಗಳಲ್ಲಿ ಎಲ್ಲರಿಗೂ ಚಿರಪರಿಚಿತವಾದದ್ದು ಟರ್ಶರಿ-ಬ್ಯುಟೈಲ್, ಅಂದರೆ ಒಂದು ಇಂಗಾಲಕ್ಕೆ ಮೂರು ಮೀಥೈಲ್ ಗುಂಪುಗಳು ಅಂಟಿದ ಗುಂಪು. ಕ್ರಿಯಾವರ್ಧಕದ ಒಂದು ಬದಿಯನ್ನು ಮುಚ್ಚಬೇಕೆಂದರೆ ಕೈ ಮೊದಲು ಹೋಗುವುದು ಅದಕ್ಕೇ. ಎರಡು ಇಂಗಾಲಗಳಿಗೆ ಮೂರು ಮೂರರಂತೆ ಆರು ಬೆಂಜೀನ್ ಉಂಗುರಗಳನ್ನು ಅಂಟಿಸಿದ ಹೆಕ್ಸಾಫೀನೈಲ್ ಈಥೇನ್ ಎಂಬ ಅಣುವನ್ನು ಮೋಸೆಸ್ ಗೊಂಬರ್ಗ್ 1900ರಲ್ಲಿ ತಯಾರಿಸಲು ಹೋಗಿ ಸೋತರು. ಇಕ್ಕಟ್ಟಿನಿಂದ ಅಣುವಿನ ಎರಡು ಅರ್ಧಗಳ ನಡುವೆ ಆ ಬಂಧ ನಿಲ್ಲಲಿಲ್ಲ. ಆದರೆ ಪ್ರತಿ ಉಂಗುರದ ಎರಡೂ ಮೆಟಾ ಸ್ಥಾನಗಳಲ್ಲಿ ಟರ್ಶರಿ-ಬ್ಯುಟೈಲ್ ಇಟ್ಟು, ಹನ್ನೆರಡು ದೊಡ್ಡ ಗುಂಪುಗಳಿಂದ ಇಕ್ಕಟ್ಟನ್ನು ಇನ್ನಷ್ಟು ಹೆಚ್ಚಿಸಿದ ಅಣುವಿನ ಹರಳಿನ ರಚನೆ 1986ರಲ್ಲಿ ತಿಳಿದುಬಂತು. ನಡುವಿನ ಬಂಧ 1.67 ಆಂಗ್‌ಸ್ಟ್ರಾಮ್‌ಗೆ ಎಳೆದುಕೊಂಡಿದ್ದರೂ ಮುರಿಯದೆ ನಿಂತಿತ್ತು. ಗ್ರಿಮ್ಮೆ ಮತ್ತು ಪೀಟರ್ ಶ್ರೈನರ್ 2011ರಲ್ಲಿ ಲೆಕ್ಕ ಹಾಕಿ ತೋರಿಸಿದಂತೆ, ಆ ಅಣುವನ್ನು ಹಿಡಿದಿಟ್ಟಿರುವುದು ಒಂದನ್ನೊಂದು ನೂಕುತ್ತವೆಂದು ಎಲ್ಲರೂ ಭಾವಿಸಿದ್ದ ಹನ್ನೆರಡು ಗುಂಪುಗಳ ಪರಸ್ಪರ ಸೆಳೆತವೇ. ಟರ್ಶರಿ-ಬ್ಯುಟೈಲ್ ಹೊತ್ತ ಕ್ರಿಯಾವರ್ಧಕಗಳ ಹಳೆಯ ವಿವರಣೆಗಳನ್ನು ಈಗ ಒಂದೊಂದಾಗಿ ಮತ್ತೆ ಲೆಕ್ಕ ಹಾಕಿ ನೋಡಲಾಗುತ್ತಿದೆ, ಮತ್ತು ಗೋಡೆ ಎಂದು ಬರೆದಿದ್ದ ಕೆಲವು ಕಡೆ ಆಸರೆ ಎಂದು ತಿದ್ದಿ ಬರೆಯಬೇಕಾಗಿ ಬಂದಿದೆ.